ಹೊಳೆ ದಡದ ನಮ್ಮ ಒಂದು ಕಿಲೋಮೀಟರ್

ಶ್ರೀರಂಗಪಟ್ಟಣದಿಂದ ಕೆಳಕ್ಕೆ ಕಾವೇರಿ ದಡದಲ್ಲಿ ಒಂದು ಕಿಲೋಮೀಟರ್‌ನಷ್ಟು ಜಾಗ ಇದೆ. ಮೇಲಿನ ತುದೀಲಿ ದೊಡ್ಡ ಹೊಳೆಮತ್ತಿ ಮರ, ಕೆಳಗಿನ ತುದೀಲಿ ಊರಿನ ಹೆಂಗಸರು ಬಟ್ಟೆ ಒಗೆಯೋ ಕಲ್ಲುಗಳು, ನಡುವೆ ಬಂಡೆ, ಜೊಂಡು, ಉದ್ದಕ್ಕೆ ಒಂದು ಮರಳ ತಿಟ್ಟು, ಆಚೆ ದಡದಲ್ಲಿ ಕಬ್ಬು. ಮೈಸೂರಿಂದ ನಾವು ಕೆಲವು ಜನ, ಒಬ್ಬರು ರಿಟೈರ್ಡ್ ಮೇಷ್ಟ್ರು, ಒಬ್ಳು ಬ್ಯಾಂಕಲ್ಲಿ ಕೆಲಸ ಮಾಡೋಳು, ಕಾಲೇಜ್ ಓದೋ ಇಬ್ರು ಹುಡುಗ್ರು, ಜೊತೆಗೆ ನಾನು, ಹದಿನೈದು ದಿನಕ್ಕೊಂದ್ ಸಲ ಬೆಳಗ್ಗೆ ಬೆಳಕು ಹರಿಯೋ ಹೊತ್ತಿಗೆ ಅಲ್ಲಿರ್ತೀವಿ, ಮರದಿಂದ ಕಲ್ಲಿನವರೆಗೂ ನಿಧಾನಕ್ಕೆ ನಡೀತೀವಿ, ಕಂಡಿದ್ದೆಲ್ಲ ಬರ್ಕೋತೀವಿ, ಅಷ್ಟೇ ಕೆಲಸ. ಯಾರೂ ದುಡ್ಡು ಕೊಡಲ್ಲ, ಯಾರೂ ಹೇಳಿ ಕಳ್ಸಿಲ್ಲ. ಜಾಗ ಯಾವ ಊರಿನ ಪಕ್ಕ ಅಂತ ಮಾತ್ರ ಬರೀತಿಲ್ಲ, ಅಲ್ಲಿ ಮರಳ ಮೇಲೆ ಮೊಟ್ಟೆ ಇಡೋ ಹಕ್ಕಿಗಳಿವೆ, ಕ್ಯಾಮೆರಾ ಹಿಡ್ಕೊಂಡು ಜನ ನುಗ್ಗಿದ್ರೆ ಅವು ಎದ್ದು ಹೋಗ್ಬಿಡ್ತವೆ.

ನಮ್ಮ ಶೀಟಲ್ಲಿ ಏನೇನಿದೆ ಅಂತ ಮೊದ್ಲು ಹೇಳ್ತೀನಿ. ದಿನಾಂಕ, ಟೈಮು, ಮೋಡವಾ ಬಿಸಿಲಾ, ನೀರಿನ ಮಟ್ಟ (ಬಟ್ಟೆ ಒಗೆಯೋ ಕಲ್ಲಲ್ಲಿ ಎಷ್ಟು ಮುಳುಗಿದೆ ಅನ್ನೋದ್ರ ಮೇಲೆ), ನೀರಿನ ಬಣ್ಣ, ನೊರೆ ಇದ್ಯಾ, ಹಕ್ಕಿ, ಮೊಸಳೆ, ನೀರುನಾಯಿ ಹಿಕ್ಕೆ, ಸತ್ತ ಮೀನು, ಅಂತರಗಂಗೆ ಎಲ್ಲಿವರೆಗೂ ಹಬ್ಬಿದೆ, ಕಸ ಯಾವ ಥರದ್ದು, ದನ ನಾಯಿ ಎಷ್ಟು, ಮೀನು ಹಿಡಿಯೋರು ಎಷ್ಟು ಜನ. ಆಮೇಲೆ ಫೋಟೋ. ಹೊಳೆಮತ್ತಿ ಬುಡದಲ್ಲಿ ಒಂದು ಮಟ್ಟ ಕಲ್ಲಿದೆ, ಅದ್ರ ಮೇಲೆ ನಿಂತು ಪ್ರತಿ ಸಲ ಅದೇ ದಿಕ್ಕಿಗೆ, ಆಚೆ ದಡದ ತೆಂಗಿನ ಮರ ಫ್ರೇಮಿನ ಎಡ ಅಂಚಿಗೆ ಬರೋ ಹಾಗೆ, ಮೊಬೈಲಲ್ಲಿ ಒಂದು ಫೋಟೋ. ಒಂದೊಂದೇ ನೋಡಿದ್ರೆ ಏನೂ ಅನ್ಸಲ್ಲ. ಸಾಲಾಗಿ ಜೋಡಿಸಿ ನೋಡಿದಾಗ ಮರಳ ತಿಟ್ಟು ಉದ್ದ ಆಗೋದು, ಗಿಡ್ಡ ಆಗೋದು, ಜೊಂಡು ಮುಂದೆ ಬರೋದು ಎಲ್ಲ ಕಾಣತ್ತೆ.

ಶೀಟಲ್ಲಿ ಬಹಳ ಸಲ "ಇಲ್ಲ" ಅಂತಾನೇ ಇರತ್ತೆ. ಹಿಕ್ಕೆ ಇಲ್ಲ, ಸತ್ತ ಮೀನಿಲ್ಲ, ಮೊಸಳೆ ಕಾಣ್ಲಿಲ್ಲ. ಹೊಸದಾಗಿ ಬಂದ ಹುಡುಗ್ರಿಗೆ ಇದು ಬೇಜಾರು. ನನಗೆ ಅದೇ ಮುಖ್ಯ ಅನ್ಸತ್ತೆ, ಯಾಕೆ ಅಂತ ಹೇಳೋಕೆ ದೂರದ ಒಂದು ಉದಾಹರಣೆ ಕೊಡ್ತೀನಿ. ಅಮೆರಿಕದ ಪಶ್ಚಿಮ ಕರಾವಳೀಲಿ ಕೋಸ್ಟ್ ಅನ್ನೋ ಒಂದು ಕಾರ್ಯಕ್ರಮ ಇದೆ, ವಾಷಿಂಗ್ಟನ್ ವಿಶ್ವವಿದ್ಯಾಲಯದ್ದು, 1990ರ ದಶಕದ ಕೊನೇಲಿ ಶುರುವಾಗಿದ್ದು. ಅಲ್ಲಿ ಮಾಮೂಲಿ ಜನ, ಟೀಚರ್‌ಗಳು, ರಿಟೈರ್ ಆದೋರು, ತಮ್ಮ ತಮ್ಮ ಸಮುದ್ರದ ದಂಡೇನ ತಿಂಗಳಿಗೊಂದ್ ಸಲ ನಡೆದು, ಅಲೆ ತಂದು ಹಾಕಿರೋ ಸತ್ತ ಹಕ್ಕಿಗಳನ್ನ ಲೆಕ್ಕ ಹಾಕ್ತಾರೆ, ಕಾಲು ರೆಕ್ಕೆ ಅಳತೆ ಮಾಡಿ ಯಾವ ಜಾತಿ ಅಂತ ಬರೀತಾರೆ. ಎಷ್ಟೋ ತಿಂಗಳು ಒಂದೂ ಸಿಗಲ್ಲ, ಆದ್ರೂ ಹೋಗ್ತಾರೆ. 2015-16ರಲ್ಲಿ ಕಾಮನ್ ಮರ್ ಅನ್ನೋ ಕಡಲ ಹಕ್ಕಿ ರಾಶಿ ರಾಶಿ ಸತ್ತು ದಂಡೆಗೆ ಬಂತು. ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾದವರೆಗೆ ಸುಮಾರು 62,000 ಹಕ್ಕಿ ಎಣಿಕೆಗೆ ಸಿಕ್ಕಿದ್ವು, ಸಮುದ್ರದಲ್ಲೇ ಹೋಗಿದ್ದು ಇನ್ನೂ ಎಷ್ಟೋ ಪಟ್ಟು ಜಾಸ್ತಿ. ಕಡಲು ಅತಿಯಾಗಿ ಬಿಸಿಯಾಗಿ ಅವಕ್ಕೆ ತಿನ್ನೋಕೆ ಮೀನೇ ಸಿಗ್ದೆ ಹೋಗಿತ್ತು ಅಂತ ವಿಜ್ಞಾನಿಗಳು ಆಮೇಲೆ ತೋರಿಸಿದ್ರು. ಆದ್ರೆ ಇದು ಮಾಮೂಲಿ ಸಾವಲ್ಲ ಅಂತ ಗಟ್ಟಿಯಾಗಿ ಹೇಳಕ್ಕಾಗಿದ್ದು, ಅದಕ್ಕೂ ಮುಂಚೆ ವರ್ಷಗಟ್ಲೆ ಯಾರೋ "ಇವತ್ತು ಇಲ್ಲ, ಇವತ್ತು ಎರಡು" ಅಂತ ಬರೆದಿಟ್ಟಿದ್ರಿಂದ. ಮೈ ಬಿಸಿ 102 ಡಿಗ್ರಿ ಇದೆ ಅಂದ್ರೆ ಗಾಬರಿ ಆಗೋದು 98.6 ಸರಿ ಅಂತ ಗೊತ್ತಿರೋದಕ್ಕೆ ತಾನೇ. ನಮ್ಮ ಹೊಳೆಯ 98.6 ಎಷ್ಟು ಅಂತ ಯಾರು ಬರೆದಿಟ್ಟಿದಾರೆ? ನಮಗೆ ಸಮುದ್ರ ಇಲ್ಲ, ಹೊಳೆ ಇದೆ, ಅದೇ ಕೆಲಸ ಇಲ್ಲೂ ಮಾಡ್ಬೋದು.

ಆದ್ರೆ ಹೊಳೆ ವಿಷಯದಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಸಮುದ್ರದ ಉಬ್ಬರ ಇಳಿತಾನ ಯಾರೂ ಕೈಯಲ್ಲಿ ತಿರುಗಿಸಕ್ಕಾಗಲ್ಲ. ನಮ್ಮ ಕಿಲೋಮೀಟರ್‌ನಲ್ಲಿ ನೀರು ಏರೋದು ಇಳಿಯೋದು ಮೇಲೆ ಗೇಟ್ ಎಷ್ಟು ಎತ್ತಿದಾರೆ ಅನ್ನೋದ್ರ ಮೇಲಿದೆ. ನಮ್ಮ ಮೇಲಿರೋ ಕೆಆರ್‌ಎಸ್ (ಕೃಷ್ಣರಾಜಸಾಗರ) ಅಣೆಕಟ್ಟಿನ ಕೆಲಸ ಶುರುವಾಗಿದ್ದು 1911ರಲ್ಲಿ, ಮುಗಿಯೋಕೆ ಸುಮಾರು ಇಪ್ಪತ್ತು ವರ್ಷ ಹಿಡೀತು, ಪೂರ್ತಿ ಮಟ್ಟ 124.80 ಅಡಿ, ಹಿಡಿಯೋದು 49.45 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು), ಇದೆಲ್ಲ ಮೈಸೂರು ಮಂಡ್ಯದ ಮಕ್ಕಳಿಗೂ ಬಾಯಿಪಾಠ, ಮಳೆಗಾಲದಲ್ಲಿ ಬೆಳಗ್ಗೆ ಪೇಪರ್ ತೆಗೆದ್ರೆ ಮೊದ್ಲು ನೋಡೋದೇ ಡ್ಯಾಮ್ ಲೆವೆಲ್ಲು. ಮಂಡ್ಯದ ಗದ್ದೆ ಹಸಿರಾಗಿರೋದು ಆ ನೀರಿಂದ, ನಮ್ಮ ಮನೆ ನಲ್ಲಿ ನೀರೂ ಕಾವೇರಿಯದೇ. ಹಾಗಾಗಿ ಅಣೆಕಟ್ಟು ತಪ್ಪು ಅಂತ ನಾನು ಹೇಳ್ತಿಲ್ಲ, ಹೇಳೋದೂ ಇಲ್ಲ. ಆದ್ರೆ ಹೊಳೇಲಿ ಬದುಕೋ ಜೀವಗಳು ಇನ್ನೂ ಹಳೇ ಪಂಚಾಂಗದಲ್ಲೇ ಇವೆ. ಮಾಘ ಫಾಲ್ಗುಣಕ್ಕೆ ನೀರು ಇಳಿಯತ್ತೆ, ಮರಳು ಮೇಲೆ ಬರತ್ತೆ, ಮುಂಗಾರು ಬರೋವರೆಗೂ ಹಂಗೇ ಇರತ್ತೆ ಅಂತ ನಂಬ್ಕೊಂಡೇ ಮೊಟ್ಟೆ ಇಡ್ತವೆ.

ಅದಕ್ಕೇ ಬೇಸಿಗೆ ನಮಗೆ ವರ್ಷದಲ್ಲಿ ಅತೀ ಮುಖ್ಯ ಕಾಲ.

ಫೆಬ್ರವರಿ ಮಧ್ಯದಿಂದ ನದಿ ರೀವಗಳು ಮರಳ ತಿಟ್ಟಿನ ಮೇಲೆ ಸುತ್ತಾಡಕ್ಕೆ ಶುರು ಮಾಡ್ತವೆ. ಹಳದಿ ಕೊಕ್ಕು, ತಲೆ ಮೇಲೆ ಕಪ್ಪು ಟೋಪಿ, ಕವಲು ಬಾಲ, ನೀರಿನ ಮೇಲೆ ಹಾರ್ತಾ ಹಾರ್ತಾ ಇದ್ದಕ್ಕಿದ್ದಂಗೆ ಧುಮುಕಿ ಮೀನು ಎತ್ತೋ ಹಕ್ಕಿ, ನೀವೂ ನೋಡಿರ್ತೀರ. ಪ್ರಪಂಚದ ಮಟ್ಟದಲ್ಲಿ ಈಗ ಇದು ಅಪಾಯದಲ್ಲಿರೋ ಹಕ್ಕಿಗಳ ಪಟ್ಟಿಗೆ ಸೇರಿದೆ. ಗಂಡು ಹಕ್ಕಿ ಸಣ್ಣ ಮೀನು ತಂದು ಹೆಣ್ಣಿನ ಮುಂದೆ ಹಿಡಿಯತ್ತೆ, ಅವಳು ತಗೊಂಡ್ರೆ ಸಂಸಾರ ಶುರು. ಗೂಡು ಅಂತ ಏನಿಲ್ಲ, ಮರಳಲ್ಲಿ ಎದೆ ಒತ್ತಿ ಒಂದು ಸಣ್ಣ ತಗ್ಗು ಮಾಡ್ಕೋತವೆ, ಅದರಲ್ಲಿ ಎರಡೋ ಮೂರೋ ಮೊಟ್ಟೆ. ನಾವು ಆ ತಿಟ್ಟಿನ ಮೇಲೆ ಕಾಲಿಡಲ್ಲ, ದಡದಿಂದಾನೇ ಸ್ಪಾಟಿಂಗ್ ಸ್ಕೋಪಲ್ಲಿ ನೋಡ್ತೀವಿ, ಅದೂ ಎಷ್ಟು ಹೊತ್ತು ದಿಟ್ಟಿಸಿದ್ರೂ ಮೊಟ್ಟೆ ಕಾಣಲ್ಲ. ಮಾಸಲು ಬೂದು ಬಣ್ಣ, ಮೇಲೆ ಕಂದು ಚುಕ್ಕೆ, ಪಕ್ಕದ ಬೆಣಚುಕಲ್ಲಿಗೂ ಅದಕ್ಕೂ ವ್ಯತ್ಯಾಸಾನೇ ಇಲ್ಲ. ಹಕ್ಕಿ ಎದ್ದು ಮತ್ತೆ ಬಂದು ಕೂತಾಗ ಮಾತ್ರ, ಓ ಅಲ್ಲಿದೆ ಅಂತ ಗೊತ್ತಾಗೋದು. ಏಪ್ರಿಲ್ ಮಧ್ಯಾಹ್ನ ಆ ಮರಳಲ್ಲಿ ಬರಿಗಾಲಲ್ಲಿ ನಿಲ್ಲಕ್ಕಾಗಲ್ಲ, ಅಂಥ ಬಿಸಿಲಲ್ಲಿ ಅಮ್ಮ ಹಕ್ಕಿ ಹೊಳೆಗೆ ಹಾರಿ ಹೋಗಿ ಹೊಟ್ಟೆ ಗರಿ ನೆನೆಸ್ಕೊಂಡು ಬಂದು ಮೊಟ್ಟೆ ಮೇಲೆ ಕೂರತ್ತೆ. ಕಾವು ಕೊಡೋದಕ್ಕಲ್ಲ, ತಂಪು ಮಾಡೋದಕ್ಕೆ. ಬ್ಯಾಂಕಿನ ನನ್ನ ಗೆಳತಿ ಇದನ್ನ ಮೊದಲ ಸಲ ನೋಡಿದ ದಿನ ಮನೆಗೆ ಹೋಗೋವರೆಗೂ ಅದೇ ಮಾತಾಡ್ತಿದ್ಲು.

ಮೊಟ್ಟೆ ಒಡೆಯಕ್ಕೆ ಮೂರು ವಾರ, ಮರಿ ಹಾರಕ್ಕೆ ಇನ್ನೂ ನಾಲ್ಕು ವಾರದ ಹತ್ತಿರ. ಅಂದ್ರೆ ಏಳು ವಾರ ಆ ತಿಟ್ಟು ಒಣಗಿರ್ಬೇಕು. ಒಂದಡಿ ನೀರು ಏರಿದ್ರೂ ಮುಗೀತು. ಒಂದು ವರ್ಷ ಏಪ್ರಿಲಲ್ಲಿ ಹಿಂದಿನ ಸಲ ಸ್ಕೋಪಲ್ಲಿ ಹಕ್ಕಿಗಳು ಸಾಲಾಗಿ ಕೂತಿದ್ದ ಜಾಗದ ಮೇಲೆ ನೀರು ಸಮಕ್ಕೆ ಹರೀತಿತ್ತು, ಮಳೆ ಒಂದು ಹನಿ ಬಿದ್ದಿರ್ಲಿಲ್ಲ, ರೀವಗಳು ಆ ನೀರಿನ ಮೇಲೇ ಕಿರುಚ್ಕೊಂಡು ಸುತ್ತುತ್ತಾ ಇದ್ವು. ಎರಡು ದಿನ ಆದ್ಮೇಲೆ ನೀರು ಇಳೀತು ಅಂತ ತೆಪ್ಪದ ಅಣ್ಣ, ಅಂದ್ರೆ ಅಲ್ಲಿ ತೆಪ್ಪದಲ್ಲಿ ಮೀನು ಹಿಡಿಯೋರು, ಫೋನ್ ಮಾಡಿದ್ರು. ತಿಟ್ಟು ಮತ್ತೆ ಮೇಲೆ ಬಂದಿತ್ತು, ಮೊಟ್ಟೆ ಇರ್ಲಿಲ್ಲ. ಕೆಲವು ಜೋಡಿ ಮತ್ತೆ ಇಟ್ವು, ಆ ಮರಿಗಳು ಹಾರೋ ಹೊತ್ತಿಗೆ ಮುಂಗಾರು ಬಂದೇಬಿಡ್ತು.

ಬೇಸಿಗೇಲಿ ಹೊಳೇಲಿ ನೀರು ಬಿಡ್ಬೇಕಾದ ಕಾರಣ ಇದೆ, ಅದನ್ನೂ ಹೇಳ್ಬೇಕು. ಬೆಂಗಳೂರಿಗೆ ಕುಡಿಯೋಕೆ ಹೋಗೋ ಕಾವೇರಿ ನೀರು ಪೈಪಲ್ಲಿ ಕೆಆರ್‌ಎಸ್‌ನಿಂದ ನೇರವಾಗಿ ಹೋಗಲ್ಲ, ಹೊಳೇಲೇ ಹರ್ಕೊಂಡು ಮಳವಳ್ಳಿ ಕಡೆ ಶಿವಾ ಅಣೆಕಟ್ಟೆವರೆಗೂ ಬಂದು ಅಲ್ಲಿಂದ ಮುಂದಕ್ಕೆ ಹೋಗಿ ಪಂಪ್ ಆಗತ್ತೆ. ಬೆಂಗಳೂರಲ್ಲಿ ನಲ್ಲಿ ತಿರುಗಿಸೋರು ಕುಡಿಯೋ ನೀರು ನಮ್ಮ ಈ ಬಂಡೆಗಳ ನಡುವೆ ಹಾದು ಹೋಗಿರತ್ತೆ. ಇನ್ನು 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ವರ್ಷಕ್ಕೆ 177.25 ಟಿಎಂಸಿ ತಮಿಳುನಾಡು ಗಡಿಯ ಬಿಳಿಗುಂಡ್ಲು ದಾಟ್ಬೇಕು, ಅದರಲ್ಲಿ ಫೆಬ್ರವರಿಯಿಂದ ಮೇ ತನಕ ತಿಂಗಳಿಗೆ 2.5 ಟಿಎಂಸಿ. ಹಾಗಾಗಿ ಬೇಸಿಗೇಲಿ ಹೊಳೆ ಹರೀಬೇಕು ನಿಜ, ಹರಿದ್ರೆ ಮೀನಿಗೂ ಒಳ್ಳೇದು. ನಮ್ಮ ಕೋರಿಕೆ ಇಷ್ಟೇ, ಮಾರ್ಚ್ ಏಪ್ರಿಲ್ ಮೇ ತಿಂಗಳಲ್ಲಿ ಬಿಡೋ ನೀರನ್ನ ಆದಷ್ಟು ಸಮವಾಗಿ ಬಿಡಿ, ನಾಲ್ಕು ದಿನ ಒಣಗಿಸಿ ಐದನೇ ದಿನ ಒಟ್ಟಿಗೆ ಬಿಡೋದು ಬೇಡ. ಅದೇ ಲೆಕ್ಕದ ನೀರು, ಒಂದು ಹನಿ ಜಾಸ್ತಿ ಕೇಳ್ತಿಲ್ಲ. ಫೆಬ್ರವರಿಯಲ್ಲೇ ಮಟ್ಟ ಸ್ವಲ್ಪ ಮೇಲಿದ್ರೆ ಹಕ್ಕಿಗಳು ಅದಕ್ಕಿಂತ ಎತ್ತರದಲ್ಲಿ ಜಾಗ ಹುಡುಕ್ಕೋತವೆ, ಮೊಟ್ಟೆ ಇಟ್ಟ ಮೇಲೆ ಏರಿಸಿದ್ರೆ ಅವು ಎಲ್ಲಿಗೆ ಹೋಗ್ಬೇಕು? ಇದನ್ನ ಸುಮ್ನೆ ಹಕ್ಕಿ ಪ್ರೀತಿ ಅಂತ ಹೋಗಿ ಹೇಳಿದ್ರೆ ಯಾರೂ ಕೇಳಲ್ಲ. ಬಟ್ಟೆ ಕಲ್ಲಿನ ಮಟ್ಟ, ದಿನಾಂಕ, ಫೋಟೋ, ಎಷ್ಟು ಜೋಡಿ ಕೂತಿದ್ವು ಅನ್ನೋದು ಎಲ್ಲ ಒಂದೇ ಹಾಳೇಲಿ ಇಟ್ಟು ತೋರಿಸಿದ್ರೆ ಆಗ ಮಾತಾಡೋಕೆ ಒಂದು ಆಧಾರ ಸಿಗತ್ತೆ ಅನ್ನೋದು ಮೇಷ್ಟ್ರ ನಂಬಿಕೆ, ನನ್ನದೂ.

ಬರೀ ನೀರೇ ಅಲ್ಲ. ಬೇಸಿಗೇಲಿ ನೀರು ತೀರಾ ಇಳಿದ್ರೆ ತಿಟ್ಟಿಗೂ ದಡಕ್ಕೂ ನಡುವೆ ದಾರಿ ಆಗ್ಬಿಡತ್ತೆ, ಬೀದಿ ನಾಯಿಗಳು ಹೋಗ್ತವೆ, ದನ ತುಳಿಯತ್ತೆ, ಹುಡುಗ್ರು ಕ್ರಿಕೆಟ್ ಆಡ್ತಾರೆ. 2023ರಲ್ಲಿ ಮಳೆ ಕೈಕೊಟ್ಟು ಡ್ಯಾಮ್ ತುಂಬ್ಲೇ ಇಲ್ಲ, ಮಂಡ್ಯದಲ್ಲಿ ರಸ್ತೆಗಿಳಿದು ಹೋರಾಟ ಆಯ್ತು, ಅದರ ಮುಂದಿನ ಬೇಸಿಗೇಲಿ ನಮ್ಮ ಕಡೆ ನಾವು ಹಿಂದೆ ಯಾವತ್ತೂ ನೋಡದ ಬಂಡೆಗಳೆಲ್ಲ ಹೊರಗೆ ಬಂದಿದ್ವು, ಮೊಸಳೆಗಳು ಒಂದೇ ಮಡುವಲ್ಲಿ ಒತ್ತೊತ್ತಾಗಿ ಇದ್ವು. ನೀರು ಜಾಸ್ತಿ ಆದ್ರೂ ಕಷ್ಟ, ಕಮ್ಮಿ ಆದ್ರೂ ಕಷ್ಟ, ಆ ಹಕ್ಕಿಗೆ ಬೇಕಾಗಿರೋದು ಹದ.

ಮಳೆಗಾಲ ಬೇರೇನೇ. ಕೊಡಗಲ್ಲಿ ನಾಲ್ಕು ದಿನ ಜೋರು ಹೊಡೆದ್ರೆ ಸಾಕು, ಇಲ್ಲಿ ಬಿಸಿಲಿರ್ವಾಗ್ಲೇ ಹೊಳೆ ಬರತ್ತೆ. 2024ರಲ್ಲಿ ಡ್ಯಾಮ್ ಜುಲೈಗೆ ತುಂಬ್ತು, 2025ರಲ್ಲಂತೂ ಜೂನ್ ತಿಂಗಳಲ್ಲೇ ತುಂಬಿ ಬಾಗಿನ ಅರ್ಪಿಸಿದ್ರು, ಜೂನಲ್ಲಿ ತುಂಬಿದ್ದು ಡ್ಯಾಮ್ ಇತಿಹಾಸದಲ್ಲೇ ಮೊದಲು. ಎಲ್ರಿಗೂ ಖುಷಿ, ನಮಗೂ ಖುಷಿ, ಆದ್ರೆ ತಡವಾಗಿ ಮೊಟ್ಟೆ ಇಟ್ಟ ಹಕ್ಕಿಗಳಿಗೆ ಅಷ್ಟು ಬೇಗ ಹೊಳೆ ಬಂದ್ರೆ ಏನಾಗತ್ತೆ ಅಂತ ಮೇಲೇ ಬರ್ದಿದೀನಿ. ಡ್ಯಾಮಿಂದ ಬಿಡೋ ನೀರು ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಲಕ್ಷ ಘನ ಅಡಿ) ದಾಟಿದಾಗ ನಾವು ದಡಕ್ಕೆ ಇಳಿಯಲ್ಲ, ಹೊಳೆಮತ್ತಿ ಮರದ ಹತ್ರಾನೂ ಹೋಗಲ್ಲ, ದೂರದ ರಸ್ತೆಯಿಂದ ಫೋಟೋ ತೆಗ್ದು ಬರ್ತೀವಿ. ಪ್ರವಾಹ ಕೆಟ್ಟದ್ದು ಅಂತಾನೇ ಹೇಳಕ್ಕಾಗಲ್ಲ. ಅಂತರಗಂಗೆನೆಲ್ಲ ಒಂದೇ ರಾತ್ರೀಲಿ ಗುಡಿಸ್ಕೊಂಡು ಹೋಗತ್ತೆ, ಬಂಡೆಗೆ ಹಿಡಿದ ಪಾಚಿ ಕಿತ್ತು ತೊಳೆಯತ್ತೆ. ಆದ್ರೆ ಮರಳಿನ ಕಥೆ ಬೇರೆ. ಮೇಲಿಂದ ಬರೋ ಮರಳು ಅಣೆಕಟ್ಟಿನ ಹಿನ್ನೀರಲ್ಲೇ ಕೂತ್ಬಿಡತ್ತೆ, ಕೆಳಗೆ ಬರಲ್ಲ, ಶ್ರೀರಂಗಪಟ್ಟಣದ ಹತ್ರ ಸೇರೋ ಲೋಕಪಾವನಿ ಚಿಕ್ಕ ಹೊಳೆ, ಅದು ಎಷ್ಟು ತರಕ್ಕಾಗತ್ತೆ? ಹೊಸ ಮರಳು ಬರ್ದೆ, ಇರೋದು ಕೊಚ್ಕೊಂಡು ಹೋದ್ರೆ ತಿಟ್ಟು ವರ್ಷ ವರ್ಷ ಸಣ್ಣ ಆಗ್ಲೇಬೇಕು. ನಮ್ಮ ಮಟ್ಟ ಕಲ್ಲಿನ ಫೋಟೋಗಳಲ್ಲಿ ಅದು ಕಾಣ್ತಿದೆ, ತಿಟ್ಟಿನ ಬಾಲ ಮುಂಚೆ ಮುಟ್ತಿದ್ದ ಜೋಡಿ ಬಂಡೆ ಈಗ ಪೂರ್ತಿ ನೀರಲ್ಲಿದೆ. 2018, 2019ರ ಪ್ರವಾಹ ಆದ್ಮೇಲೆ ಮೇಲ್ಗಡೆ ರಂಗನತಿಟ್ಟಲ್ಲಿ ಸವೆದು ಹೋದ ತಿಟ್ಟುಗಳಿಗೆ ಮರಳು ಚೀಲ ಜೋಡಿಸಿ ಸರಿ ಮಾಡ್ಬೇಕಾಯ್ತು. ಅದು 1940ರಿಂದ ಪಕ್ಷಿಧಾಮ, 2022ರಲ್ಲಿ ರಾಮ್ಸಾರ್ ತಾಣ, ಅಂದ್ರೆ ಪ್ರಪಂಚದ ಮಟ್ಟದಲ್ಲಿ ಮುಖ್ಯ ಅಂತ ಗುರುತಿಸಿದ ಜೌಗು ಪ್ರದೇಶ, ಅದಕ್ಕೆ ನೋಡ್ಕೊಳ್ಳೋರಿದಾರೆ. ಕೆಳಗಿರೋ ಹೆಸರಿಲ್ಲದ ತಿಟ್ಟುಗಳಿಗೆ ಯಾರು?

ಮಳೆ ಕಮ್ಮಿ ಆಗೋ ಹೊತ್ತಿಗೆ ಇನ್ನೊಂದು ಸಂಗತಿ ಇದೆ, ಶ್ರೀರಂಗಪಟ್ಟಣದ ಕಡೆ ರಾತ್ರಿ ಬೈಕ್ ಓಡಿಸೋರಿಗೆ ಚೆನ್ನಾಗಿ ಗೊತ್ತು. ಸೇತುವೆ ಲೈಟಿನ ಕೆಳಗೆ ಬಿಳಿ ಹುಳ ಮಂಜು ಕವಿದ ಹಾಗೆ ಬರ್ತವೆ, ರಸ್ತೆ ಮೇಲೆ ಬಿದ್ದು ದಪ್ಪಕ್ಕೆ ಹಾಸ್ಕೋತವೆ, ಟೈರ್ ಹತ್ತಿದ್ರೆ ಗಾಡಿ ಜಾರತ್ತೆ, ಬಿದ್ದು ಪೆಟ್ಟು ಮಾಡ್ಕೊಂಡೋರಿದಾರೆ. ಮೇಫ್ಲೈ ಅಂತ ಅದು. ತಿಂಗಳುಗಟ್ಲೆ ಹೊಳೆ ತಳದ ಕೆಸರಲ್ಲಿ ಮರಿಯಾಗಿ ಬೆಳ್ದು, ಒಂದು ಸಂಜೆ ಎಲ್ಲವೂ ಒಟ್ಟಿಗೆ ರೆಕ್ಕೆ ಬಿಚ್ಚಿ ಮೇಲೆ ಬರ್ತವೆ, ಆಮೇಲೆ ಬಾಯಿಗೆ ಆಹಾರಾನೇ ಇಲ್ಲ, ತಿನ್ನೋ ಬಾಯೇ ಕೆಲಸ ಮಾಡಲ್ಲ, ಕೂಡಿ ನೀರಿಗೆ ಮೊಟ್ಟೆ ಹಾಕಿ ಸಾಯ್ತವೆ. ನೀರಿಗೆ ವಿಷ ಸೇರಿದ್ರೆ, ಉಸಿರಾಡೋ ಗಾಳಿ ನೀರಲ್ಲಿ ಕಮ್ಮಿ ಆದ್ರೆ ಮೊದಲು ಪೆಟ್ಟು ತಿನ್ನೋದು ಇಂಥ ಹುಳಗಳೇ, ಅದಕ್ಕೆ ಅವು ಬಂದ ದಿನಾಂಕ, ಎಷ್ಟು ರಾತ್ರಿ ಬಂದ್ವು ಅಂತ ನಮ್ಮ ಶೀಟಲ್ಲಿ ಒಂದು ಕಾಲಂ ಇದೆ. ಲೈಟಿಗೆ ಮರುಳಾಗಿ ರಸ್ತೆಗೆ ಬಿದ್ದಿದ್ದು ಮೊಟ್ಟೆ ಸಮೇತ ಹೋಯ್ತು. ಆ ಕೆಲವು ರಾತ್ರಿ ಸೇತುವೆ ಲೈಟ್ ಸ್ವಲ್ಪ ಕಮ್ಮಿ ಮಾಡಿದ್ರೆ ಹುಳಾನೂ ಉಳಿಯತ್ತೆ, ಬೈಕಿನವರೂ ಉಳಿತಾರೆ.

ಅಕ್ಟೋಬರ್ ದಾಟಿ ಬಂಡೆಗಳು ಮತ್ತೆ ತಲೆ ಎತ್ತಿದ್ರೆ ನೀರುನಾಯಿ ಕಾಲ. ನೀರುನಾಯಿ ಕಾಣೋದು ಅದೃಷ್ಟ, ಹಿಕ್ಕೆ ಕಾಣೋದು ಕೆಲಸ. ಅವು ಒಂದೇ ಬಂಡೆಗೆ ಗುಂಪಾಗಿ ಬಂದು ಹಾಕ್ತವೆ, ನಮ್ಮ ಕಡೆ ಅಂಥ ಮೂರು ಬಂಡೆ ಇವೆ. ಹಸೀದಾದ್ರೆ ಕಪ್ಪಗೆ ಅಂಟಂಟಾಗಿ ಮೀನಿನ ಘಾಟು ಹೊಡೀತಿರತ್ತೆ, ಬಿಸಿಲಿಗೆ ಒಣಗಿದ್ರೆ ಬೂದಿ ಬಣ್ಣಕ್ಕೆ ತಿರುಗಿ ಪುಡಿ ಆಗತ್ತೆ. ಕಡ್ಡೀಲಿ ಕೆದಕಿ ನೋಡಿದ್ರೆ ಮೀನಿನ ಚಿಪ್ಪು ಬಿಸಿಲಿಗೆ ಮಿಣಮಿಣ ಅನ್ನತ್ತೆ, ಜಿಲೇಬಿ ಮೀನಿನ ಗಟ್ಟಿ ಮುಳ್ಳು, ಏಡಿ ಚಿಪ್ಪಿನ ಚೂರು. ಜಿಲೇಬಿ ಮೀನು ಅಂದ್ರೆ ತಿಲಾಪಿಯಾ, ಹೊರದೇಶದ್ದು, ಈಗ ಹೊಳೇಲಿ ಬಲೆ ಹಾಕಿದ್ರೆ ಸಿಗೋದೇ ಅದು ಅಂತ ತೆಪ್ಪದ ಅಣ್ಣ ಹೇಳ್ತಾರೆ, ನೀರುನಾಯಿ ಹಿಕ್ಕೇನೂ ಅದನ್ನೇ ಹೇಳತ್ತೆ. ಮಳೆಗಾಲದಲ್ಲಿ ಬಂಡೆ ಮುಳುಗಿರೋದ್ರಿಂದ ಹಿಕ್ಕೆ "ಇಲ್ಲ" ಅಂತ ಬರೆಯಲ್ಲ, "ಬಂಡೆ ಮುಳುಗಿದೆ" ಅಂತ ಬರೀತೀವಿ. ಎರಡೂ ಒಂದೇ ಅಲ್ಲ.

ಚಳಿಗಾಲದ ಹಕ್ಕಿಗಳ ಬಗ್ಗೆ ಜಾಸ್ತಿ ಬರೆಯೋರು ಬೇಕಾದಷ್ಟು ಜನ ಇದಾರೆ. ಸಿಪಿಲೆಗಳು ಬರ್ತವೆ, ಗೊರವಗಳು ಬರ್ತವೆ, ಜನವರೀಲಿ ಏಷ್ಯಾದ ಎಲ್ಲ ಕಡೆ ನಡೆಯೋ ನೀರುಹಕ್ಕಿ ಗಣತಿಗೆ ನಾವೂ ಲೆಕ್ಕ ಕಳಿಸ್ತೀವಿ. ಪಟ್ಟೆತಲೆ ಹೆಬ್ಬಾತು ನೋಡ್ಬೇಕಂದ್ರೆ ನಂಜನಗೂಡು ಕಡೆ ಹದಿನಾರು ಅನ್ನೋ ಊರಿನ ಕೆರೆಗೆ ಹೋಗಿ, ನಮ್ಮ ದಡಕ್ಕೆ ಅವು ಬರಲ್ಲ.

ಕಸದ ಕಾಲಂ ತುಂಬೋದು ಮನಸ್ಸಿಗೆ ಕಷ್ಟ. ಮಹಾಲಯ ಅಮಾವಾಸ್ಯೆ ಆದ್ಮೇಲೆ ಮೇಲಿನ ಸ್ನಾನಘಟ್ಟಗಳಿಂದ ತೇಲ್ಕೊಂಡು ಬರೋ ಬಟ್ಟೆ, ಸೀರೆ ಪಂಚೆ ಶರ್ಟು, ಜೊಂಡಿಗೆ ಸಿಕ್ಕಿ ಕೊಳೀತಿರತ್ತೆ, ಜೊತೆಗೆ ದೇವರ ಫೋಟೋ ಫ್ರೇಮು, ಕರ್ಪೂರದ ಪ್ಲಾಸ್ಟಿಕ್ ಕವರ್. ತೀರಿಕೊಂಡವರ ಬಟ್ಟೆ ಹೊಳೆಗೆ ಬಿಡೋದು ಜನರ ನೋವಿಗೆ ಸಂಬಂಧಪಟ್ಟಿದ್ದು, ಅವರನ್ನ ಬೈಯ್ಯೋ ಮನಸ್ಸು ನನಗಿಲ್ಲ. ಆದ್ರೆ ಹಿಂದೆ ಹತ್ತಿ ಬಟ್ಟೆ ಇತ್ತು, ಕರಗ್ತಿತ್ತು, ಈಗ ಪಾಲಿಸ್ಟರ್, ಅದು ಎಲ್ಲಿಗೂ ಹೋಗಲ್ಲ. ಬೇಸಿಗೇಲಿ ಹೆಂಡದ ಟೆಟ್ರಾ ಪ್ಯಾಕು, ಚಿಪ್ಸ್ ಕವರ್ರು. ವರ್ಷಪೂರ್ತಿ ಸಿಗೋದು ಹರಿದ ನೈಲಾನ್ ಬಲೆ, ನನಗೆ ಅತೀ ಭಯ ಇರೋದು ಅದರ ಮೇಲೇ, ಯಾಕಂದ್ರೆ ಬಿಟ್ಟು ಹೋದ್ಮೇಲೂ ಅದು ಹಿಡೀತಾನೇ ಇರತ್ತೆ. ಒಂದು ನೀರುಕಾಗೆ ಹಾಗೆ ಸಿಕ್ಕಿ ಸತ್ತಿದ್ದನ್ನ ಬಿಡಿಸಿದೀವಿ, ಕಾಲಿಗೂ ಕತ್ತಿಗೂ ಸುತ್ಕೊಂಡಿತ್ತು. ಸಿಕ್ಕಿದ ಬಲೆನೆಲ್ಲ ಎತ್ಕೊಂಡು ಬರ್ತೀವಿ, ಉಳಿದ ಕಸ ಚೀಲದಲ್ಲಿ ಹಿಡಿದಷ್ಟು.

ಊರಿನವರು ಮೊದಮೊದಲು ನಮ್ಮನ್ನ ಅನುಮಾನದಿಂದ ನೋಡ್ತಿದ್ರು. ಬಟ್ಟೆ ಒಗೀತಿದ್ದ ಒಬ್ಬ ಅಜ್ಜಿ, "ಏನವ್ವಾ ಬರ್ಕತ್ತಾ ಇದ್ದೀಯ, ಜಮೀನ್ ಅಳ್ಯಕ್ಕೆ ಬಂದವ್ರಾ?" ಅಂತ ಕೇಳಿದ್ರು. ಹಕ್ಕಿ ಬರ್ಕೋತಿದೀವಿ ಅಜ್ಜಿ ಅಂದೆ. ನಗ್ತಾರೇನೋ ಅನ್ಕೊಂಡಿದ್ರೆ ಅವರು ಸೋಪು ಪಕ್ಕಕ್ಕಿಟ್ಟು, ತಾನು ಮದುವೆಯಾಗಿ ಬಂದಾಗ ತಿಟ್ಟು ಆ ಕಬ್ಬಿನ ಗದ್ದೆ ಉದ್ದಕ್ಕೂ ಇತ್ತು, ಬೇಸಿಗೇಲಿ ವರತೆ ತೋಡಿ ಬಿಂದಿಗೇಲಿ ನೀರು ತಗೊಂಡು ಹೋಗ್ತಿದ್ವಿ, ಮರಳಲ್ಲಿ ಬಂದ ನೀರು ಕಲ್ಲುಸಕ್ಕರೆ ಇದ್ದಂಗೆ ಇರ್ತಿತ್ತು ಅಂತ ಶುರು ಮಾಡಿದ್ರು. ಅವರು ಹೇಳಿದ್ದನ್ನೂ ಬರೆದಿಟ್ಟಿದೀವಿ, ನಮ್ಮ ಫೋಟೋಗಳಿಗಿಂತ ಎಷ್ಟೋ ಹಿಂದಿನ ದಾಖಲೆ ಅದು.

ತೆಪ್ಪದ ಅಣ್ಣ ಈಗ ನಮಗಿಂತ ಜಾಸ್ತಿ ಕೆಲಸ ಮಾಡ್ತಾರೆ. ನಾವು ಹದಿನೈದು ದಿನಕ್ಕೆ ಹೋದ್ರೆ ಅವರು ದಿನಾ ಹೊಳೇಲಿರೋರು. "ಅಕ್ಕಾ, ವಸಿ ಏರ್ತಾ ಅದೆ ಕಣಕ್ಕ, ತಿಟ್ ತಲೆ ಒಂದೇ ಕಾಣ್ತದೆ" ಅಂತ ವಾಯ್ಸ್ ಮೆಸೇಜ್ ಬರತ್ತೆ, ಆ ದಿನಾಂಕ ಶೀಟಿಗೆ ಹೋಗತ್ತೆ. ಮೊದಲು ನೀರುನಾಯಿ ಕಂಡ್ರೆ ಅವರಿಗೆ ಆಗ್ತಿರ್ಲಿಲ್ಲ, ಬಲೆ ಹರಿಯತ್ತಲ್ಲ, ಅವರ ಹೊಟ್ಟೆಪಾಡು. ಆ ನಷ್ಟ ನಿಜವಾದ ನಷ್ಟ, ಅದನ್ನೂ ಬರೆಯಣ್ಣ ಅಂತ ಹೇಳಿದೀವಿ, ಈಗ ಬಲೆ ಹರಿದ ದಿನಕ್ಕೂ ಒಂದು ಕಾಲಂ ಇದೆ.

ಈ ಸಲ ಫೆಬ್ರವರಿಗೆ ಮುಂಚೆ ಎರಡು ಕೆಲಸ ಮಾಡ್ಬೇಕು ಅಂತ ಮಾತಾಡ್ಕೊಂಡಿದೀವಿ. ಊರಿನ ಹುಡುಗ್ರ ಜೊತೆ ಕೂತು ಕ್ರಿಕೆಟ್ ಪಿಚ್ಚನ್ನ ಮೇ ಕೊನೆವರೆಗೂ ದಡದ ಮೇಲಕ್ಕೆ ಶಿಫ್ಟ್ ಮಾಡಿಸೋದು, ಅವರು ಒಪ್ಪೋ ಹಾಗಿದಾರೆ. ಇನ್ನೊಂದು, ನೀರಿನ ಮಟ್ಟ, ಗೂಡುಗಳ ಲೆಕ್ಕ ಎಲ್ಲ ಒಂದು ಪಟ್ಟಿ ಮಾಡಿ ಸಂಬಂಧಪಟ್ಟ ಕಚೇರಿಗಳಿಗೆ ಕನ್ನಡದಲ್ಲೇ ಪತ್ರ ಬರೆಯೋದು, ಮೇಷ್ಟ್ರು ಕರಡು ಶುರು ಮಾಡಿದಾರೆ. ನಿಮ್ಮೂರ ಹತ್ರ ಹೊಳೆ, ನಾಲೆ, ಕೆರೆ ಏರಿ ಏನಿದ್ರೂ ನೀವೂ ಶುರು ಮಾಡಿ, ಸೇತುವೆ ಮೇಲಿಂದ ಕಾಣೋ ಅಷ್ಟು ದೂರ ಸಾಕು. ನಮ್ಮ ಶೀಟಿನ ಮಾದರಿ ಬೇಕಿದ್ರೆ ಕೇಳಿ ಕಳಿಸ್ತೀನಿ. ದಡಕ್ಕೆ ಇಳಿಯೋ ಮುಂಚೆ ಮೊಸಳೆ ಇದ್ಯಾ ಅಂತ ಊರಿನವರನ್ನ ಕೇಳಿ, ಒಬ್ಬರೇ ಹೋಗ್ಬೇಡಿ, ಮಾರ್ಚಿಂದ ಮೇವರೆಗೂ ಮರಳ ಮೇಲೆ ಕಾಲಿಡ್ಬೇಡಿ.